ಹೃದಯದ ಶಸ್ತ್ರಕ್ರಿಯೆಯೂ ರಕ್ತವು ನುಡಿಯುವ ಸಾಕ್ಷಿಯೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಅರಿವಳಿಕೆಯ ವೈದ್ಯರೊಬ್ಬರು ಮಾಡಿದ ಉಪನ್ಯಾಸ)

 

ಈ ಮಂಗಲಸಮಯದಲ್ಲಿ ವೈದ್ಯಕಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುವದು. ಸಂಗೀತ ಪ್ರವಚನಗಳನ್ನು ಕೇಳಿ ತಣಿದ ನಿಮ್ಮ ಕಿವಿಗಳಿಗೆ ದವಾಖಾನೆಯ ಮಾತು ರುಚಿಸಲಾರದೆಂಬ ಅಂಜಿಕೆಯುಂಟು. ಆದರೂ ಇದನ್ನು ಹೇಳದೆ ಇರಲಾಗದು. ಯಾಕಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಿಂದ ಎದೆಯ ಬೇನೆಯೆಂದು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಗೆ ಹೋಗಿ ಹೃದಯದ ಶಸ್ತ್ರಕ್ರಿಯೆಗೆ ಒಳಗಾಗುವವರು ಈಗ ವಿರಳರಲ್ಲ. ಕೆಲವರ ಹೃದಯಕ್ಕೆ ರಕ್ತವೊಯ್ಯುವ ನಾಳಗಳು ಕಟ್ಟಿರುವವು. ಇನ್ನು ಕೆಲವರಿಗೆ ಎಳೆತನದಲ್ಲಿ ಬಂದ ಗಂಟಲುಬೇನೆಯ ಬೆನ್ನಿಗೆ ಕೀಲುವಾತದ ಜ್ವರವು ಬಂದು ಹೃದಯದ ಕವಾಟಗಳು ಕೆಟ್ಟಿರುವವು. ಅಂಥ ಮನೆಯವರು ಶಸ್ತ್ರಕ್ರಿಯೆಯ ಕೋಣೆಯ ಬಾಗಿಲ ಹೊರಗೆ ಕುಳಿತು ಎರಡು ಪ್ರಶ್ನೆಗಳನ್ನು ಕೇಳುವರು. ಮೊದಲನೆಯದು: “ಎಚ್ಚರ ತಪ್ಪಿಸಿದ ಮೇಲೆ ನಮ್ಮವರು ತಿರುಗಿ ಏಳುವರೆ?” ಎರಡನೆಯದು ಮರುದಿವಸದ್ದು. ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದುಕೊಂಡು ಬಂದು, “ಇದರಲ್ಲಿ ಸಾವಿರಗಟ್ಟಲೆ ಅಂಕಿ ಬಂದಿರುವದಲ್ಲ, ಹೃದಯವು ಕೆಟ್ಟಿತೆ?” ಎಂದು ಕೇಳುವರು. ಈ ಎರಡು ಪ್ರಶ್ನೆಗಳಿಗೆ ನಡುವೆ ಒಂದು ನಂಟಿರುವದು. ಎಚ್ಚರ ತಪ್ಪಿಸುವ ಔಷಧಿಯು ಹೃದಯವನ್ನು ಕಾಯಬಲ್ಲದೆ, ಕಾಯ್ದಿತೆಂಬದನ್ನು ರಕ್ತವು ಹೇಳಬಲ್ಲದೆ ಎಂಬದೇ ಆ ನಂಟು. ಅದನ್ನೇ ಇಂದು ವಿವರಿಸುವೆನು.

ಮೊದಲು ಹೃದಯದ ಕೆಲಸವನ್ನು ನೋಡೋಣ. ಮುಷ್ಟಿಯಷ್ಟು ಗಾತ್ರದ ಈ ಸ್ನಾಯುವು ನಿಮಿಷಕ್ಕೆ ಸುಮಾರು 70 ಸಲ, ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವದು. ಎತ್ತಿಗೆ ಸಂಜೆಗೆ ನೊಗ ಬಿಚ್ಚುವರು; ಹೃದಯಕ್ಕೆ ಆ ಬಿಡುವಿಲ್ಲ. ಮಿಡಿಯುತ್ತಿರುವ ಅಂಗಕ್ಕೆ ಸೂಕ್ಷ್ಮವಾದ ಹೊಲಿಗೆ ಹಾಕುವದು ಕಷ್ಟ. ಒಳಗೆ ತೆರೆದು ಕವಾಟವನ್ನು ಬದಲಿಸುವದಂತೂ ಅಸಾಧ್ಯ. ಆದಕಾರಣ ಹೃದಯವನ್ನು ಕೆಲಹೊತ್ತು ನಿಲ್ಲಿಸಬೇಕು; ನಿಂತಾಗ ದೇಹಕ್ಕೆ ರಕ್ತವನ್ನು ಬೇರೊಂದು ಯಂತ್ರವು ಒದಗಿಸಬೇಕು. ಇಂಥ ಯಂತ್ರವನ್ನು ಅನೇಕ ವರ್ಷಗಳ ಪರಿಶ್ರಮದಿಂದ ಸಿದ್ಧಪಡಿಸಿ, 1953ನೆಯ ಇಸವಿಯ ಮೇ 6ರಂದು ಅಮೇರಿಕೆಯ ಫಿಲಾಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು 18 ವರ್ಷದ ತರುಣಿಯೊಬ್ಬಳ ಹೃದಯದ ಗೋಡೆಯಲ್ಲಿದ್ದ ರಂಧ್ರವನ್ನು ಮುಚ್ಚಿದರು. ಅಂದು 26 ನಿಮಿಷಗಳ ವರೆಗೆ ಅವಳ ಹೃದಯದ ಹಾಗೂ ಪುಪ್ಪುಸಗಳ ಕೆಲಸವನ್ನೆಲ್ಲ ಯಂತ್ರವೇ ಮಾಡಿತು.

ಯಂತ್ರವು ದೇಹವನ್ನು ಸಲಹುವದು ನಿಜ. ಆದರೆ ಹೃದಯಕ್ಕೆ ಅದು ಸಲಹೆಯಾಗದು. ಮಹಾಧಮನಿಗೆ ಚಿಮಟವನ್ನು ಹಾಕಿದೊಡನೆ ಮಿಕ್ಕ ಶರೀರಕ್ಕೆ ರಕ್ತವು ಹೋಗುತ್ತಿರುವಾಗಲೇ ಹೃದಯದ ಸ್ನಾಯುವು ಮಾತ್ರ ಉಪವಾಸ ಬೀಳುವದು. ಈ ಉಪವಾಸವು ಅರ್ಧ ತಾಸಿನಿಂದ ಎರಡು ತಾಸಿನ ವರೆಗೂ ನಡೆಯಬಹುದು. ಅದನ್ನು ತಾಳಿಕೊಳ್ಳಲೆಂದು ಪೊಟ್ಯಾಸಿಯಮ್ ಲವಣವು ಹೆಚ್ಚಾಗಿರುವ ದ್ರವವನ್ನು, ಸಾಮಾನ್ಯವಾಗಿ ತಣ್ಣಗೆ ಮಾಡಿ, ಹೃದಯದ ನಾಳಗಳಲ್ಲಿ ಹರಿಸಿ ಅದನ್ನು ಸ್ತಬ್ಧಗೊಳಿಸುವರು. ದುಡಿಯದೆ ಇರುವವನಿಗೆ ಹಸಿವು ಕಡಿಮೆಯಲ್ಲವೆ? ಹಾಗೆಯೇ ಮಿಡಿಯದೆ ತಣ್ಣಗಿರುವ ಹೃದಯಕ್ಕೆ ಪ್ರಾಣವಾಯುವಿನ ಅವಶ್ಯಕತೆಯು ಕಡಿಮೆ. ಇನ್ನೊಂದು ಆಶ್ಚರ್ಯವನ್ನು ಕೇಳಿರಿ. ಚಿಮಟವನ್ನು ತೆಗೆದು ರಕ್ತವನ್ನು ತಿರುಗಿ ಬಿಟ್ಟಾಗಲೂ ಹಾನಿಯು ತಪ್ಪದು. ಬಹುದಿನ ಉಪವಾಸವಿದ್ದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ಅಪಾಯವಾಗುವಂತೆ, ಹಸಿದ ಸ್ನಾಯುವಿಗೆ ಒಮ್ಮೆಲೇ ಪ್ರಾಣವಾಯುವು ನುಗ್ಗಿದಾಗ ಕೆಲವು ಜೀವಕೋಶಗಳು ಸಾಯುವವು. ಆದುದರಿಂದ ಹೃದಯದ ಶಸ್ತ್ರಕ್ರಿಯೆಯು ಎಷ್ಟೇ ನಿಪುಣರ ಕೈಯಿಂದ ನಡೆದರೂ ಸ್ನಾಯುವಿಗೆ ಅಲ್ಪಸ್ವಲ್ಪ ಪೆಟ್ಟು ತಗಲದೆ ಇರದು. ಆ ಪೆಟ್ಟನ್ನು ಎಷ್ಟು ಕಡಿಮೆ ಮಾಡಬಹುದು, ಅದನ್ನು ಅಳೆಯುವದು ಹೇಗೆ ಎಂಬದೇ ಪ್ರಶ್ನೆ.

ಅರಿವಳಿಕೆಯ ಚರಿತ್ರೆಯಲ್ಲಿ ಔಷಧಿಯು ಹೃದಯವನ್ನು ಕಾಯುವದೆಂಬ ಮಾತು ಹೊಸದು. ಔಷಧಿಯೇ ಹೃದಯವನ್ನು ಕೊಲ್ಲುವದೆಂಬ ಅಂಜಿಕೆಯು ಹಳೆಯದು. 1846ರ ಅಕ್ಟೋಬರ 16ರಂದು ಬೋಸ್ಟನ್ ಪಟ್ಟಣದಲ್ಲಿ ಈಥರಿನ ಆವಿಯಿಂದ ನೋವಿಲ್ಲದ ಶಸ್ತ್ರಕ್ರಿಯೆಯನ್ನು ಬಹಿರಂಗವಾಗಿ ಮಾಡಿ ತೋರಿಸಿದರು. ಮರುವರ್ಷವೇ ಆ ವಿದ್ಯೆಯು ಕಲಕತ್ತೆಗೆ ಮುಟ್ಟಿತು. ಅದೇ 1847ರಲ್ಲಿ ಎಡಿಂಬರೋದ ಸಿಂಪ್ಸನ್ನರು ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಅದು ಈಥರಿಗಿಂತ ಸೌಮ್ಯವಾದ ವಾಸನೆಯದು, ಬೇಗನೆ ಎಚ್ಚರ ತಪ್ಪಿಸುವಂಥದು. ಆದರೆ 1848ರ ಆರಂಭದಲ್ಲಿಯೇ ಇಂಗ್ಲಂಡದಲ್ಲಿ ಕಾಲಬೆರಳಿನ ಉಗುರು ತೆಗೆಯಿಸಿಕೊಳ್ಳಲು ಬಂದ 15 ವರ್ಷದ ಹುಡುಗಿಯೊಬ್ಬಳು ಕ್ಲೋರೋಫಾರ್ಮಿನಿಂದ ತೀರಿಕೊಂಡಳು. ಹೃದಯವು ನಿಂತು ಸತ್ತಳೋ ಉಸಿರು ನಿಂತು ಸತ್ತಳೋ ಎಂಬ ವಾದವು ಅಲ್ಲಿಂದ ಅರ್ಧ ಶತಮಾನವನ್ನು ಮೀರಿ ನಡೆಯಿತು.

ಈ ವಾದದ ಒಂದು ಮುಖ್ಯ ಅಧ್ಯಾಯವು ನಡೆದದ್ದು ನಮ್ಮ ನೆರೆಯಲ್ಲಿಯೇ ಎಂಬದನ್ನು ನಮ್ಮವರು ಹೆಚ್ಚಾಗಿ ಅರಿಯರು. ಆಗ ರಾಯಚೂರು, ಕಲಬುರ್ಗಿ, ಬೀದರಗಳನ್ನೊಳಗೊಂಡಿದ್ದ ನಿಜಾಮರ ರಾಜ್ಯದ ರಾಜಧಾನಿಯಾದ ಹೈದರಾಬಾದಿನಲ್ಲಿ, ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯರ ಮುಂದಾಳುತನದಲ್ಲಿ, ನಿಜಾಮ ಸರಕಾರದ ವೆಚ್ಚದಿಂದ 1888ರಲ್ಲಿಯೂ 1889ರಲ್ಲಿಯೂ ಎರಡು ಕ್ಲೋರೋಫಾರ್ಮ್ ಆಯೋಗಗಳು ಕುಳಿತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ನರು ಬಂದರು. ಆ ಕಾಲದಲ್ಲಿ ಅಲ್ಲಿಯ ವೈದ್ಯಶಾಲೆಯಲ್ಲಿ ಕಲಿತು ಕ್ಲೋರೋಫಾರ್ಮು ಕೊಡುವ ವಿದ್ಯೆಯಲ್ಲಿ ಹೆಸರಾದ ರೂಪಾಬಾಯಿ ಫರ್ದೂನ್‌ಜಿಯವರನ್ನು ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಎಣಿಸುವರು. ನಾಯಿ, ಮಂಗ ಮೊದಲಾದ ಅನೇಕ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ ಆಯೋಗವು, “ಕ್ಲೋರೋಫಾರ್ಮು ಹೃದಯಕ್ಕೆ ನೇರವಾಗಿ ಹಾನಿ ಮಾಡದು; ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು” ಎಂಬ ಅಭಿಪ್ರಾಯಕ್ಕೆ ಬಂದಿತು. ಆದರೆ 1911ರಲ್ಲಿ ಗುಡ್‌ಮನ್ ಲೆವಿ ಎಂಬವರು, ಕ್ಲೋರೋಫಾರ್ಮಿನ ಅರಿವಳಿಕೆಯು ಇನ್ನೂ ಹಗುರವಾಗಿರುವಾಗಲೇ ಬೆಕ್ಕುಗಳ ಹೃದಯವು ತಾಳ ತಪ್ಪಿ ಬರಿದೆ ಅದಿರಾಡಿ ನಿಂತುಹೋಗುವದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಹೈದರಾಬಾದಿನವರು ಆಲಸಿಗಳಾಗಿರಲಿಲ್ಲ, ಅಪ್ರಾಮಾಣಿಕರೂ ಆಗಿರಲಿಲ್ಲ. ಅವರು ನೋಡಿದ್ದು ಸತ್ಯವೇ ಆಗಿದ್ದಿತು. ಆದರೆ ಅದು ಪೂರ್ತಿ ಸತ್ಯವಾಗಿರಲಿಲ್ಲ. ಈ ಕಥೆಯನ್ನು ಮನಸ್ಸಿನಲ್ಲಿಡಿರಿ. ಮುಂದೆ ಇಂಥದೇ ಇನ್ನೊಂದು ಪಾಠವು ಬರುವದು.

ಇನ್ನು ರಕ್ತದ ಸಾಕ್ಷಿಯ ಮಾತಿಗೆ ಬರುವೆನು. ನವಲಗುಂದದ ಕಡೆಯವರಿಗೆ ಬೆಣ್ಣೆಹಳ್ಳದ ಪರಿಚಯವನ್ನು ಹೇಳಬೇಕಾಗಿಲ್ಲ. ನಮ್ಮೂರಲ್ಲಿ ಹನಿ ಮಳೆಯಿಲ್ಲದಿದ್ದರೂ ಹಳ್ಳದ ನೀರು ಕದಡಿ ಬಂದರೆ ಮೇಲುಗಡೆ ಎಲ್ಲಿಯೋ ಮಳೆಯಾಗಿ ಮಣ್ಣು ಕೊಚ್ಚಿತೆಂದು ಹಿರಿಯರು ತಿಳಿಯುವರು. ನೀರಿನ ಬಣ್ಣವನ್ನು ನೋಡಿ, ಬಂದದ್ದು ಎರೆಯ ಮಣ್ಣೋ ಮಸಾರಿಯ ಮಣ್ಣೋ ಎಂಬದನ್ನೂ ಹೇಳುವರು. ರಕ್ತಪರೀಕ್ಷೆಯ ತತ್ವವು ಇದಕ್ಕಿಂತ ಬೇರೆಯಲ್ಲ. ಜೀವಕೋಶವು ಒಡೆದಾಗ ಅದರೊಳಗಿನ ಪದಾರ್ಥಗಳು ರಕ್ತಕ್ಕೆ ಇಳಿದು ಬರುವವು. ಯಾವ ಪದಾರ್ಥವು ಬಂದಿತೆಂಬದರಿಂದ ಯಾವ ಅಂಗಕ್ಕೆ ಪೆಟ್ಟಾಯಿತೆಂದೂ, ಎಷ್ಟು ಬಂದಿತೆಂಬದರಿಂದ ಪೆಟ್ಟು ಎಷ್ಟೆಂದೂ ಊಹಿಸಬಹುದು.

1954ರಲ್ಲಿ ಅಮೇರಿಕೆಯ ವೈದ್ಯರು ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಓಟಿ ಎಂದು ಹೆಸರಾದ ಕಿಣ್ವವು ಏರುವದನ್ನು ಮೊದಲು ಕಂಡರು. ಆದರೆ ಆ ಕಿಣ್ವವು ಯಕೃತ್ತಿನಲ್ಲಿಯೂ ಇರುವದು. ಆದುದರಿಂದ ಅದು ಎರಡು ಊರಿನ ಮಣ್ಣು ಬೆರೆತ ನೀರಿನಂತೆ. ಮುಂದೆ ಕ್ರಿಯೇಟಿನ್ ಕೈನೇಸ್ ಎಂಬ ಕಿಣ್ವವೂ, ಅದರ ಎಂಬಿ ಎಂಬ ಪ್ರಭೇದವೂ ಬಳಕೆಗೆ ಬಂದವು. ಈ ಎಂಬಿ ಪ್ರಭೇದವು ಹೃದಯದಲ್ಲಿ ಹೆಚ್ಚು. ಪೆಟ್ಟಾದ ನಾಲ್ಕಾರು ತಾಸುಗಳಲ್ಲಿ ಏರಿ ಎರಡು ಮೂರು ದಿವಸಗಳಲ್ಲಿ ಇಳಿಯುವದು. ಆದರೆ ಅಲ್ಪ ಪ್ರಮಾಣದಲ್ಲಿ ಅದು ಕೈಕಾಲುಗಳ ಸ್ನಾಯುಗಳಲ್ಲಿಯೂ ಇರುವದರಿಂದ, ಎದೆಯನ್ನು ಸೀಳಿ ಮಾಡುವ ಶಸ್ತ್ರಕ್ರಿಯೆಯಲ್ಲಿ ಅದರ ಸಾಕ್ಷಿಯು ಪೂರ್ಣ ನಂಬಿಗೆಗೆ ಯೋಗ್ಯವಾಗಲಿಲ್ಲ. ಮಯೋಗ್ಲೋಬಿನ್ ಎಂಬದು ಎಲ್ಲಕ್ಕೂ ಮೊದಲು, ಒಂದೆರಡು ತಾಸುಗಳಲ್ಲಿಯೇ ಏರುವದು. ಆದರೆ ಅದು ಎಲ್ಲ ಸ್ನಾಯುಗಳಲ್ಲಿಯೂ ಇರುವದರಿಂದ ಯಾರ ಮನೆಯ ಸುದ್ದಿಯೆಂಬದು ತಿಳಿಯದು.

ಈ ಕೊರತೆಯನ್ನು ನೀಗಿಸಿದ್ದು ಟ್ರೋಪೋನಿನ್. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿಯವರು ಸ್ನಾಯುವು ಸಂಕೋಚಗೊಳ್ಳುವ ಬಗೆಯನ್ನು ಶೋಧಿಸುತ್ತಿರುವಾಗ ಇದನ್ನು ಕಂಡುಹಿಡಿದರು. ಇದು ಸಿ, ಐ, ಟಿ ಎಂಬ ಮೂರು ಅಂಶಗಳ ಕೂಟ. ಸುಣ್ಣದ ಅಂಶವಾದ ಕ್ಯಾಲ್ಸಿಯಮ್ ಬಂದಾಗ ಸ್ನಾಯುವನ್ನು ಎಳೆಯಗೊಟ್ಟು, ಹೋದಾಗ ಸಡಿಲಿಸುವ ಅಗುಳಿಯ ಕೆಲಸವನ್ನು ಇದು ಮಾಡುವದು. ಇವುಗಳಲ್ಲಿ ಐ ಮತ್ತು ಟಿ ಅಂಶಗಳು ಹೃದಯದಲ್ಲಿ ಒಂದು ರೂಪದವು, ಮಿಕ್ಕ ಸ್ನಾಯುಗಳಲ್ಲಿ ಬೇರೊಂದು ರೂಪದವು. ಇದನ್ನೇ ಆಧರಿಸಿ 1989ರಲ್ಲಿ ಜರ್ಮನಿಯ ಹೈಡೆಲ್ಬರ್ಗಿನಲ್ಲಿ ಹ್ಯೂಗೊ ಕಾಟುಸ್ ಹಾಗೂ ಅವರ ಸಂಗಡಿಗರು ಹೃದಯದ ಟ್ರೋಪೋನಿನ್ ಟಿ ಅಂಶವನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯನ್ನು ಪ್ರಕಟಿಸಿದರು. ಈಗಿನ ಅತಿಸೂಕ್ಷ್ಮ ಪರೀಕ್ಷೆಗಳು ಆರೋಗ್ಯವಂತರ ರಕ್ತದಲ್ಲಿರುವ ಲವಲೇಶವನ್ನೂ ಅಳೆಯಬಲ್ಲವು. ಅದರ ಮಾನವು ನ್ಯಾನೊಗ್ರಾಮ್. ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಟ್ರೋಪೋನಿನ್ ಒಮ್ಮೆ ಏರಿದರೆ ಒಂದು ವಾರ, ಕೆಲವು ವೇಳೆ ಎರಡು ವಾರಗಳ ವರೆಗೂ ರಕ್ತದಲ್ಲಿ ಉಳಿಯುವದು. ಇದಲ್ಲದೆ ಹೃದಯದ ಗೋಡೆಯು ಹಿಗ್ಗಿ ದಣಿದಾಗ ಸ್ರವಿಸುವ ಬಿಎನ್‌ಪಿ ಎಂಬ ಪದಾರ್ಥವೊಂದುಂಟು. ಟ್ರೋಪೋನಿನ್ ಕೋಶಗಳಿಗಾದ ಪೆಟ್ಟನ್ನು ಹೇಳಿದರೆ, ಬಿಎನ್‌ಪಿಯು ಹೃದಯದ ಮೇಲೆ ಬಿದ್ದ ಭಾರವನ್ನು ಹೇಳುವದು.

ಹೀಗೆ ಅಳೆಯುವ ಕೋಲು ದೊರೆಯಿತು. ಅಷ್ಟರಲ್ಲಿ ಕಾಯುವ ಉಪಾಯದ ಸುಳಿವೂ ದೊರೆಯಿತು. 1986ರಲ್ಲಿ ಅಮೇರಿಕೆಯ ಮರ್ರಿ, ಜೆನಿಂಗ್ಸ್, ರೈಮರ್ ಎಂಬವರು ನಾಯಿಗಳ ಹೃದಯದ ನಾಳವೊಂದನ್ನು 40 ನಿಮಿಷ ಕಟ್ಟಿ ಸ್ನಾಯುವು ಎಷ್ಟು ಸಾಯುವದೆಂದು ನೋಡಿದರು. ಬೇರೆ ಕೆಲವು ನಾಯಿಗಳಲ್ಲಿ ಅದಕ್ಕೆ ಮೊದಲು ಐದೈದು ನಿಮಿಷದಂತೆ ನಾಲ್ಕು ಸಲ ನಾಳವನ್ನು ಕಟ್ಟಿ ಬಿಟ್ಟು, ಆ ಬಳಿಕ 40 ನಿಮಿಷ ಕಟ್ಟಿದರು. ಹೆಚ್ಚು ಕಟ್ಟಿದ್ದರಿಂದ ಹೆಚ್ಚು ಹಾನಿಯಾಗಬೇಕಷ್ಟೆ? ಹಾಗಾಗಲಿಲ್ಲ. ಸತ್ತ ಭಾಗವು ಮೊದಲಿನದರ ಕಾಲು ಭಾಗಕ್ಕೆ ಇಳಿದಿದ್ದಿತು. ಎಳೆಯ ಹೋರಿಗೆ ಮೊದಲ ದಿವಸವೇ ಎಂಟೆತ್ತಿನ ನೇಗಿಲು ಹೂಡುವವರುಂಟೆ? ಬರಿಯ ನೊಗವನ್ನು ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ಪಳಗಿಸುವರು. ಹಾಗೆಯೇ ಅಲ್ಪ ಕಷ್ಟವನ್ನು ಕಂಡ ಹೃದಯವು ಮಹಾಕಷ್ಟಕ್ಕೆ ತನ್ನನ್ನು ಸಿದ್ಧಮಾಡಿಕೊಳ್ಳುವದು.

ಮುಂದೆ 1997ರ ಸುಮಾರಿಗೆ ಇನ್ನೊಂದು ಸಂಗತಿಯು ಹೊರಬಿದ್ದಿತು. ಆವಿಯ ರೂಪದಲ್ಲಿ ಉಸಿರಿನೊಡನೆ ಕೊಡುವ ಐಸೋಫ್ಲೂರೇನ್ ಎಂಬ ಅರಿವಳಿಕೆಯ ಔಷಧಿಯು ನಾಳವನ್ನು ಕಟ್ಟದೆಯೇ ಪ್ರಾಣಿಗಳ ಹೃದಯವನ್ನು ಹೀಗೆ ಪಳಗಿಸಬಲ್ಲದು. ಅದರ ಬಳಗದ ಸೆವೋಫ್ಲೂರೇನ್, ಡೆಸ್‌ಫ್ಲೂರೇನ್‌ಗಳೂ ಹಾಗೆಯೇ. ಜೀವಕೋಶದ ಒಳಗೆ ಅನ್ನವನ್ನು ಉರಿಸಿ ಶಕ್ತಿಯನ್ನು ಹುಟ್ಟಿಸುವ ಒಲೆಗಳಂಥ ಸೂಕ್ಷ್ಮಾಂಗಗಳುಂಟು. ಅವುಗಳ ಗೋಡೆಯಲ್ಲಿರುವ ಪೊಟ್ಯಾಸಿಯಮಿನ ಕೆಲವು ಬಾಗಿಲುಗಳನ್ನು ಈ ಔಷಧಿಗಳು ತೆರೆಯಿಸಿ, ರಕ್ತವು ತಿರುಗಿ ನುಗ್ಗುವಾಗ ಆ ಒಲೆಗಳು ಒಡೆದುಹೋಗದಂತೆ ಮಾಡುವವೆಂದು ಶೋಧಕರು ವಿವರಿಸಿದರು. ನರದ ಮೂಲಕ ಕೊಡುವ, ಹಾಲಿನಂತೆ ಬೆಳ್ಳಗಿರುವ ಪ್ರೊಪೋಫಾಲ್ ಎಂಬ ಔಷಧಿಗೆ ಈ ಗುಣವು ಅಷ್ಟಾಗಿ ಕಾಣಲಿಲ್ಲ. ಹಾಗಾದರೆ ಹೃದಯದ ಶಸ್ತ್ರಕ್ರಿಯೆಗೆ ಆವಿಯೇ ಒಳ್ಳೆಯದಲ್ಲವೆ?

ಮನುಷ್ಯರಲ್ಲಿ ಇದನ್ನು ಪರೀಕ್ಷಿಸಿದವರಲ್ಲಿ ಬೆಲ್ಜಿಯಮ್ ದೇಶದ ಡಿ ಹೆರ್ಟ್ ಹಾಗೂ ಅವರ ಸಂಗಡಿಗರು ಪ್ರಮುಖರು. 2002ರಲ್ಲಿ ಅವರು ಬೈಪಾಸ್ ಶಸ್ತ್ರಕ್ರಿಯೆಯಾದ ಕೆಲವೇ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಸೆವೋಫ್ಲೂರೇನ್ ಪಡೆದವರಲ್ಲಿ ಹೃದಯದ ಬಲವು ಚೆನ್ನಾಗಿ ಉಳಿದಿದ್ದಿತು. ಅವರ ರಕ್ತದ ಟ್ರೋಪೋನಿನ್ ಪ್ರೊಪೋಫಾಲ್ ಪಡೆದವರಿಗಿಂತ ಕಡಿಮೆ ಏರಿದ್ದಿತು. ಅನೇಕ ದವಾಖಾನೆಗಳಿಂದ ಇಂಥವೇ ವರದಿಗಳು ಬಂದವು. 2007ರಲ್ಲಿ ಇಟಲಿಯ ಜೊವಾನಿ ಲಾಂಡೋನಿ ಹಾಗೂ ಅವರ ಸಂಗಡಿಗರು 22 ಅಧ್ಯಯನಗಳನ್ನು, 1,922 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿದರು. ಟ್ರೋಪೋನಿನ್ ಕಡಿಮೆಯಾದದ್ದಷ್ಟೇ ಅಲ್ಲ, ಮರಣವೂ ನೂರಕ್ಕೆ 1.6ರಿಂದ 0.4ಕ್ಕೆ ಇಳಿದಂತೆ ತೋರಿತು. ಅಳೆಯುವ ಕೋಲೂ ಒಪ್ಪಿತು, ಲೆಕ್ಕವೂ ಒಪ್ಪಿತು. ಇನ್ನೇನು, ವಾದವು ಮುಗಿಯಿತೆಂದು ಬಹುಜನ ತಿಳಿದರು.

ಆದರೆ ಬಂಧುಗಳೇ, ಸಣ್ಣ ಸಣ್ಣ ಅಧ್ಯಯನಗಳನ್ನು ಕೂಡಿಸಿದ ಲೆಕ್ಕವು ಹತ್ತು ಮನೆಯ ಕಾಳನ್ನು ಒಂದು ಕಣದಲ್ಲಿ ಸುರಿದಂತೆ. ಅದರಲ್ಲಿ ಜೊಳ್ಳೆಷ್ಟು ಗಟ್ಟಿಯೆಷ್ಟು ಎಂಬದು ತೂರಿದ ಮೇಲೆಯೇ ತಿಳಿಯತಕ್ಕದ್ದು. ಇದನ್ನು ಬಲ್ಲ ಅದೇ ಲಾಂಡೋನಿಯವರು ಮುಂದಾಳಾಗಿ ತಮ್ಮ ಸಿದ್ಧಾಂತವನ್ನು ತಾವೇ ತೂರುವದಕ್ಕೆ ನಿಂತರು. 13 ದೇಶಗಳ 36 ದವಾಖಾನೆಗಳಲ್ಲಿ ಬೈಪಾಸ್ ಶಸ್ತ್ರಕ್ರಿಯೆಗೆ ಬಂದ 5,400 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆವಿಯ ಔಷಧಿಯನ್ನೂ ಇನ್ನೊಂದಕ್ಕೆ ಕೇವಲ ನರದ ಔಷಧಿಯನ್ನೂ ಕೊಟ್ಟು ವರ್ಷದ ವರೆಗೆ ಕಾಯ್ದರು. 2019ರಲ್ಲಿ ಫಲವು ಪ್ರಕಟವಾಯಿತು. ವರ್ಷದೊಳಗೆ ತೀರಿಕೊಂಡವರು ಆವಿಯ ಗುಂಪಿನಲ್ಲಿ ನೂರಕ್ಕೆ 2.8, ನರದ ಗುಂಪಿನಲ್ಲಿ ನೂರಕ್ಕೆ 3.0. ಅಂದರೆ ಗಣನೆಗೆ ಬರುವ ಭೇದವೇ ಇಲ್ಲ. ತನ್ನ ಎಣಿಕೆಯು ನಿಲ್ಲಲಿಲ್ಲವೆಂದು ಜಗತ್ತಿಗೆ ತಾನೇ ಹೇಳುವದು ಎಲ್ಲರಿಂದ ಆಗತಕ್ಕ ಕೆಲಸವಲ್ಲ. ಗೆದ್ದ ವಾದಕ್ಕಿಂತ ಇಂಥ ಸೋಲಿನಿಂದಲೇ ವಿದ್ಯೆಯು ಬೆಳೆಯುವದು.

ತೋಳಿಗೆ ರಕ್ತದೊತ್ತಡದ ಪಟ್ಟಿಯನ್ನು ಕಟ್ಟಿ, ಉಬ್ಬಿಸಿ, ಬಿಟ್ಟು, ದೂರದಿಂದಲೇ ಹೃದಯವನ್ನು ಪಳಗಿಸಬಹುದೆಂಬ ಇನ್ನೊಂದು ಉಪಾಯಕ್ಕೂ ಇದೇ ಗತಿಯಾಯಿತು. 2015ರಲ್ಲಿ ಇಂಗ್ಲಂಡದಿಂದಲೂ ಜರ್ಮನಿಯಿಂದಲೂ ಬಂದ ಎರಡು ದೊಡ್ಡ ಅಧ್ಯಯನಗಳು ಅದರಿಂದ ರೋಗಿಗೆ ಪ್ರಯೋಜನ ಕಾಣಲಿಲ್ಲವೆಂದು ಹೇಳಿದವು. ಆ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಪ್ರೊಪೋಫಾಲನ್ನೇ ಬಳಸಿದ್ದರಿಂದ ಗುಣವು ಮರೆಯಾಗಿರಬಹುದೆಂದು ಕೆಲವರು ವಾದಿಸುವರು. ವಾದವೇನೇ ಇರಲಿ, ರೋಗಿಯ ಪಾಲಿಗೆ ಫಲವು ಕಾಣಲಿಲ್ಲವೆಂಬದು ಸ್ಪಷ್ಟ.

ಹಾಗಾದರೆ ಟ್ರೋಪೋನಿನ್ ಸುಳ್ಳು ಹೇಳಿತೆ? ಇಲ್ಲ. ಇಲ್ಲಿಯೇ ಹೈದರಾಬಾದಿನ ಪಾಠವು ತಿರುಗಿ ಬರುವದು. ಸಾಕ್ಷಿಯು ತಾನು ಕಂಡಷ್ಟನ್ನೇ ಹೇಳುವದು. ಕಾಣದ್ದನ್ನು ಅದರ ಬಾಯಿಂದ ನಾವು ಹೇಳಿಸಬಾರದು. ಟ್ರೋಪೋನಿನ್ ತಾನು ಕಂಡ ಕೋಶಗಳ ಹಾನಿಯನ್ನು ಹೇಳಿತು. ಹಾನಿಯು ಅಲ್ಪವಾಗಿದ್ದಲ್ಲಿ ಅದು ಇನ್ನಷ್ಟು ಅಲ್ಪವಾದ ಮಾತ್ರಕ್ಕೆ ಮನುಷ್ಯನ ಆಯುಷ್ಯವು ಬೆಳೆಯಲೇಬೇಕೆಂಬ ನಿಯಮವಿಲ್ಲ. ಆಯುಷ್ಯವು ಹೃದಯದ ಕೆಲವು ಕೋಶಗಳ ಮೇಲಷ್ಟೇ ನಿಂತಿಲ್ಲ. ಮೂತ್ರಪಿಂಡ, ಪುಪ್ಪುಸ, ಗಾಯದ ಸೋಂಕು, ಸಕ್ಕರೆಯ ಬೇನೆ, ಹೊಲಿದ ನಾಳಗಳು ತೆರೆದೇ ಉಳಿದವೋ ಇಲ್ಲವೋ, ಮನೆಗೆ ಹೋದ ಮೇಲೆ ಗುಳಿಗೆ ತಪ್ಪದೆ ನಡೆಯಿತೋ ಇಲ್ಲವೋ, ಇವೆಲ್ಲವೂ ಅದರಲ್ಲಿ ಪಾಲುಗಾರರು. ಗುರುತು ಬೇರೆ, ಫಲ ಬೇರೆ. ಪೈರು ಹಸುರಾಗಿದೆಯೆಂಬದು ಗುರುತು. ಕಣಜಕ್ಕೆ ಬಂದ ಕಾಳು ಫಲ. ಹಸುರು ಪೈರಿನ ಮೇಲೆ ಸಾಲವನ್ನು ಎತ್ತಿ ಕೈಸುಟ್ಟುಕೊಂಡ ಒಕ್ಕಲಿಗನಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಈ ಪರೀಕ್ಷೆಯು ವ್ಯರ್ಥವೆಂದು ತಿಳಿಯಬೇಡಿರಿ. ಯಾವ ಏರಿಕೆಯು ಸಹಜ, ಯಾವದು ಅಪಾಯ ಎಂಬದಕ್ಕೆ ಈಗ ಒಳ್ಳೆಯ ಆಧಾರವು ದೊರೆತಿರುವದು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ದೇಶಗಳ 24 ದವಾಖಾನೆಗಳಲ್ಲಿ ಹೃದಯದ ಶಸ್ತ್ರಕ್ರಿಯೆಯಾದ 13,862 ಜನರ ಟ್ರೋಪೋನಿನ್ ಐ ಅಂಶವನ್ನು ಅಳೆದರು. ಆ ಪರೀಕ್ಷೆಯಲ್ಲಿ ಆರೋಗ್ಯವಂತರ ಮೇಲ್ಮಿತಿಯು ಲೀಟರಿಗೆ 26 ನ್ಯಾನೊಗ್ರಾಮ್. ಬೈಪಾಸ್ ಅಥವಾ ಮಹಾಧಮನಿಯ ಕವಾಟದ ಶಸ್ತ್ರಕ್ರಿಯೆಯಾದವರಲ್ಲಿ ಮೊದಲ ದಿವಸ ಈ ಅಂಕಿಯು 5,670ನ್ನು, ಅಂದರೆ ಮೇಲ್ಮಿತಿಯ 218 ಪಟ್ಟನ್ನು ಮುಟ್ಟಿದಾಗಲೇ 30 ದಿವಸಗಳೊಳಗಿನ ಮರಣದ ಭಯವು ಹೆಚ್ಚುವದು ಕಂಡುಬಂದಿತು. ಎರಡನೆಯ, ಮೂರನೆಯ ದಿವಸಗಳಿಗೆ ಆ ಗಡಿಯು 1,522. ಇತರ ಬಗೆಯ ಹೃದಯಶಸ್ತ್ರಕ್ರಿಯೆಗಳಲ್ಲಿ ಗಡಿಗಳು ಇನ್ನೂ ಮೇಲೆ. ಅದಕ್ಕೆ ಮೊದಲು, 2018ರ ಅಂತರರಾಷ್ಟ್ರೀಯ ವ್ಯಾಖ್ಯೆಯು ಮೇಲ್ಮಿತಿಯ ಹತ್ತು ಪಟ್ಟನ್ನು ದಾಟಿದುದನ್ನು ಹೃದಯಾಘಾತದ ಒಂದು ಗುರುತೆಂದು ಇಟ್ಟಿದ್ದಿತು. ಆದರೆ ಅದರೊಡನೆ ಹೃದಯದ ವಿದ್ಯುಲ್ಲೇಖ, ಪ್ರತಿಧ್ವನಿಯ ಚಿತ್ರ ಮೊದಲಾದವುಗಳಲ್ಲಿ ಬೇರೆ ಸಾಕ್ಷಿಯೂ ಬೇಕೆಂದು ಹೇಳಿದ್ದಿತು.

ಇದರಿಂದ ನೀವು ತಿಳಿಯತಕ್ಕದ್ದು ಇಷ್ಟು. ಹೃದಯದ ಶಸ್ತ್ರಕ್ರಿಯೆಯಾದ ಮರುದಿವಸ ಸಾವಿರದ ಅಂಕಿಯನ್ನು ಕಂಡೊಡನೆ ಎದೆಯೊಡೆದುಕೊಳ್ಳಲಾಗದು. ಅದೇ ಅಂಕಿಯು ಶಸ್ತ್ರಕ್ರಿಯೆಯೇ ಆಗದೆ ಎದೆನೋವಿನಿಂದ ಬಂದವನದಾದರೆ ಒಂದು ಕ್ಷಣವನ್ನೂ ಕಳೆಯಲಾಗದು. ಒಂದು ಸಲದ ಅಂಕಿಗಿಂತ ಅದು ಏರುತ್ತಿರುವದೋ ಇಳಿಯುತ್ತಿರುವದೋ ಎಂಬದು ಮುಖ್ಯ. ಹಳ್ಳದ ನೀರು ಎಷ್ಟಿದೆಯೆಂಬದಕ್ಕಿಂತ ಏರುವದೋ ಇಳಿಯುವದೋ ಎಂಬದನ್ನಲ್ಲವೆ ನಾವು ದಂಡೆಯಲ್ಲಿ ನಿಂತು ನೋಡುವದು? ಮೂತ್ರಪಿಂಡಗಳು ಕೆಟ್ಟವರಲ್ಲಿ ಈ ಅಂಕಿಯು ಹೃದಯಕ್ಕೆ ಹೊಸ ಪೆಟ್ಟಿಲ್ಲದೆಯೂ ಹೆಚ್ಚಾಗಿರಬಹುದು. ಇನ್ನೊಂದು ಎಚ್ಚರವನ್ನು ಕೊಡುವೆನು. ಕೆಲವು ಪ್ರಯೋಗಶಾಲೆಗಳು ಲೆಕ್ಕವನ್ನು ಮಿಲಿಲೀಟರಿಗೆ, ಕೆಲವು ಲೀಟರಿಗೆ ಬರೆಯುವವು. ಒಂದರ 0.05 ಇನ್ನೊಂದರ 50ಕ್ಕೆ ಸಮ. ಟ್ರೋಪೋನಿನ್ ಐ, ಟಿ ಅಂಶಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲಾಗದು. ಆದದ್ದರಿಂದ ಪಕ್ಕದ ಹಾಸಿಗೆಯವನ ಚೀಟಿಯೊಡನೆ ನಿಮ್ಮವರ ಚೀಟಿಯನ್ನು ಹಿಡಿದು ನೋಡಿ ಸಂತೋಷಪಡುವದೂ ಬೇಡ, ದುಃಖಪಡುವದೂ ಬೇಡ. ಚೀಟಿಯ ಅರ್ಥವನ್ನು ಚಿಕಿತ್ಸೆ ಮಾಡುವವರಿಂದಲೇ ಕೇಳಿರಿ. ಕೇಳುವ ಹಕ್ಕು ನಿಮಗುಂಟು, ತಿಳಿಯುವ ಮಾತಿನಲ್ಲಿ ಹೇಳುವ ಕರ್ತವ್ಯವು ನಮಗುಂಟು.

ಹಾಗಾದರೆ ಅರಿವಳಿಕೆಯಿಂದ ಹೃದಯಕ್ಕೆ ರಕ್ಷಣೆಯೇ ಇಲ್ಲವೆ ಎಂದು ಕೇಳುವಿರಿ. ಉಂಟು, ಆದರೆ ಅದು ಒಂದು ಬಾಟಲಿಯಲ್ಲಿ ಇಲ್ಲ. ರಕ್ತದೊತ್ತಡವು ಕುಸಿಯದಂತೆ, ನಾಡಿಯು ಓಡದಂತೆ, ರಕ್ತವು ತೀರ ತೆಳುವಾಗದಂತೆ, ಸಕ್ಕರೆಯು ಏರುಪೇರಾಗದಂತೆ ಕ್ಷಣಕ್ಷಣಕ್ಕೂ ನೋಡಿಕೊಳ್ಳುವ ಎಚ್ಚರದಲ್ಲಿ ಅದು ಇರುವದು. ರೋಗಿಯ ಎಚ್ಚರವನ್ನು ತಪ್ಪಿಸಿದವನು ತನ್ನ ಎಚ್ಚರವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಈ ರಕ್ಷಣೆಯಲ್ಲಿ ನಿಮ್ಮ ಪಾಲೂ ದೊಡ್ಡದು. ಶಸ್ತ್ರಕ್ರಿಯೆಗೆ ಮೊದಲು ವೈದ್ಯರು ಕೇಳಿದಾಗ ತಂಬಾಕು, ಗುಟಕಾ, ಮದ್ಯಗಳ ಚಟವನ್ನು ನಾಚಿಕೆಯಿಂದ ಮುಚ್ಚಿಡಬೇಡಿರಿ. ತೆಗೆದುಕೊಳ್ಳುವ ಔಷಧಿಗಳನ್ನೆಲ್ಲ, ಹಳ್ಳಿಯ ನಾಟಿಮದ್ದನ್ನೂ ಕೂಡ, ತೋರಿಸಿರಿ. ಯಾವದನ್ನು ನಿಲ್ಲಿಸಬೇಕು, ಯಾವದನ್ನು ಮುಂದುವರಿಸಬೇಕು ಎಂಬದನ್ನು ಅವರೇ ಹೇಳಲಿ. ಉಪವಾಸವಿರಬೇಕೆಂದು ಹೇಳಿದ ಮೇಲೆ, ನಿತ್ರಾಣವಾದೀತೆಂಬ ಮಮತೆಯಿಂದ ಮರೆಯಲ್ಲಿ ಚಹಾ ಕುಡಿಸಬೇಡಿರಿ. ಎಚ್ಚರ ತಪ್ಪಿದವನ ಹೊಟ್ಟೆಯಲ್ಲಿರುವದು ಪುಪ್ಪುಸಕ್ಕೆ ಇಳಿದರೆ ಪ್ರಾಣಕ್ಕೆ ಎರವಾಗುವದು. ಮಕ್ಕಳಿಗೆ ಜ್ವರದೊಡನೆ ಗಂಟಲು ನೋವು ಬಂದರೆ ಅಲಕ್ಷ್ಯ ಮಾಡದೆ ಔಷಧಿ ಕೊಡಿಸಿರಿ. ಪೆನಿಸಿಲಿನ್ನಿನಂಥ ಅಗ್ಗದ ಔಷಧಿಯಿಂದ ಅಂದು ತಡೆಯಬಹುದಾದ ಬೇನೆಯೇ ಮುಂದೆ ಹೃದಯದ ಕವಾಟವನ್ನು ಬದಲಿಸುವ ವರೆಗೆ ಎಳೆದೊಯ್ಯುವದು.

ಬಡವರಿಗೆ ಇದೆಲ್ಲ ಎಲ್ಲಿಯ ಮಾತು ಎನ್ನುವಿರೇನೊ. ನಮ್ಮ ನಾಡಿನಲ್ಲಿ ಈ ವಿದ್ಯೆಯು ಬೇರೂರಿದ್ದು ದಾನಿಗಳಿಂದಲೂ ಸಹಕಾರದಿಂದಲೂ ಎಂಬದನ್ನು ನೆನೆಯಿರಿ. ಶಿರಸಂಗಿ-ನವಲಗುಂದ ಸಂಸ್ಥಾನದ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಸಲುವಾಗಿ ಬಿಟ್ಟುಕೊಟ್ಟರು. 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಹುಬ್ಬಳ್ಳಿಯಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವು 1957ರಲ್ಲಿಯೇ ಆರಂಭವಾಗಿದ್ದಿತು. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘದ ಪರಂಪರೆಯ ಮೇಲೆಯೇ, 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಾದ ರೈತರ ಸಲುವಾಗಿ ಯಶಸ್ವಿನಿ ಯೋಜನೆಯು ನಿಂತಿತು. ನಡುವೆ 2018ರಲ್ಲಿ ಬೇರೆ ಯೋಜನೆಯೊಳಗೆ ಲೀನವಾದ ಅದನ್ನು ಮುಂದೆ ತಿರುಗಿ ಎತ್ತಿ ನಿಲ್ಲಿಸಿರುವರು. ಊರಿನ ಸಂಘದಲ್ಲಿ ವಿಚಾರಿಸಿ ಹೆಸರು ಹಚ್ಚಿಸಿಕೊಳ್ಳುವದು ಬೇನೆ ಬರುವ ಮುಂಚಿನ ಕೆಲಸ, ಬಂದ ಮೇಲಿನದಲ್ಲ.

ಕೊನೆಯದಾಗಿ ಒಂದು ಮಾತು. ಒಂದು ಹನಿ ರಕ್ತದೊಳಗಿನ ನೂರು ಕೋಟಿಯಲ್ಲೊಂದು ಪಾಲನ್ನು ಅಳೆಯುವಷ್ಟು ಮನುಷ್ಯನ ಬುದ್ಧಿಯು ಬೆಳೆದಿರುವದು. ಅಷ್ಟೇ ದೊಡ್ಡ ಮಾತು, ತಾನು ಅಳೆದದ್ದರಿಂದ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬದನ್ನು ಒಪ್ಪಿಕೊಳ್ಳುವ ವಿನಯವೂ ಅದರೊಡನೆ ಬೆಳೆಯುತ್ತಿರುವದು. ದವಾಖಾನೆಗೆ ಹೋಗುವಾಗ ಅಂಜಿಕೆಯನ್ನೂ ಅಂಧವಿಶ್ವಾಸವನ್ನೂ ಮನೆಯಲ್ಲಿ ಬಿಟ್ಟು, ತಿಳಿವನ್ನೂ ಧೈರ್ಯವನ್ನೂ ಕಟ್ಟಿಕೊಂಡು ಹೋಗಿರಿ.